ಕನ್ನಡದ ಕುಲಪುರೋಹಿತ ಆಲೂರ ವೆಂಕಟರಾಯರು

ನಮ್ಮ ಶಾಲೆಯ ಕಾರ್ಯಾಲಯದ ಗೋಡೆಯ ಮೇಲೆ ಗಾಂಧೀಜಿ, ಬಸವಣ್ಣನವರು, ಛತ್ರಪತಿ ಶಿವಾಜಿ ಮಹಾರಾಜರು ಇವರ ಭಾವಚಿತ್ರಗಳ ಸಾಲಿನಲ್ಲಿ ಕೊನೆಯದಾಗಿ ಒಬ್ಬ ವೃದ್ಧರ ಚಿತ್ರವೂ ಇದ್ದುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಮೊದಲಿನ ಮೂವರನ್ನು ಯಾವ ಮಗುವೂ ಗುರುತಿಸುತ್ತಿತ್ತು. ಕೊನೆಯವರ ಮುಂದೆ ನಿಂತು ಈ ಅಜ್ಜ ಯಾರು ಗುರುಗಳೇ ಎಂದು ಪ್ರತಿ ವರ್ಷ ಹೊಸದಾಗಿ ಐದನೆಯ ಇಯತ್ತೆಗೆ ಬಂದ ಮಕ್ಕಳು ನನ್ನನ್ನು ಕೇಳುತ್ತಿದ್ದರು. ಅವರೇ ಆಲೂರ ವೆಂಕಟರಾಯರು. ಗಂಟೆ ಬಾರಿಸುವ ಅವಸರದಲ್ಲಿ ಎರಡು ಮಾತು ಹೇಳಿ ಮಕ್ಕಳನ್ನು ತರಗತಿಗೆ ಕಳಿಸುತ್ತಿದ್ದೆ. ಅಂದು ಪೂರ್ತಿ ಹೇಳಲಾಗದೆ ಉಳಿದುದನ್ನು, ಇಂದು ಮಕ್ಕಳ ತಂದೆತಾಯಿಗಳೇ ಆಗಿರುವ ನಿಮ್ಮ ಮುಂದೆ ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ನಿವೇದಿಸುತ್ತಿದ್ದೇನೆ.

ಜನನ ಮತ್ತು ವಿದ್ಯಾಭ್ಯಾಸ

ವೆಂಕಟರಾಯರು ಹುಟ್ಟಿದ್ದು 1880ರ ಜುಲೈ 12ರಂದು, ನಮ್ಮ ಗಡಿಗೆ ಅತಿ ಸಮೀಪದ ವಿಜಾಪುರದಲ್ಲಿ. ತಂದೆ ಭೀಮರಾಯರು ಕಂದಾಯ ಇಲಾಖೆಯ ನೌಕರರು. ಧಾರವಾಡದಲ್ಲಿ ಓದಿದ ಬಳಿಕ ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿ 1903ರಲ್ಲಿ ಬಿ.ಎ. ಪದವಿಯನ್ನೂ, ಅನಂತರ ಮುಂಬಯಿಯಲ್ಲಿ ಓದಿ 1905ರಲ್ಲಿ ಕಾನೂನು ಪದವಿಯನ್ನೂ ಪಡೆದರು.

ಆ ಕಾಲದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಕನ್ನಡ ನಾಡು ಅಂದು ಒಂದಾಗಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತದಲ್ಲಿದ್ದವು. ಬಳ್ಳಾರಿ ಮತ್ತು ದಕ್ಷಿಣ ಕನ್ನಡಗಳು ಮದ್ರಾಸಿಗೆ ಸೇರಿದ್ದವು. ಕಲಬುರ್ಗಿ, ರಾಯಚೂರು, ಬೀದರಗಳು ನಿಜಾಮರ ಆಳಿಕೆಯಲ್ಲಿದ್ದವು. ಮೈಸೂರು ಮತ್ತು ಕೊಡಗುಗಳು ಬೇರೆ ಬೇರೆ. ಇವುಗಳ ನಡುವೆ ಅಕ್ಕಲಕೋಟೆ, ಜತ್ತ, ಜಮಖಂಡಿ, ಮುಧೋಳ, ಸವಣೂರು, ಸೊಂಡೂರು ಮುಂತಾದ ಸಂಸ್ಥಾನಗಳು ಚದುರಿ ಹೋಗಿದ್ದವು. ಮುಂಬಯಿ ಪ್ರಾಂತದ ಕನ್ನಡ ಭಾಗಗಳಲ್ಲಿ ಕಚೇರಿಯಲ್ಲಿಯೂ ವಿದ್ಯಾವಂತರ ಮನೆಗಳಲ್ಲಿಯೂ ಮರಾಠಿಗೆ ಇದ್ದ ಮನ್ನಣೆ ಕನ್ನಡಕ್ಕೆ ಇರಲಿಲ್ಲ. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದ್ದು ಈ ಕೊರತೆಯನ್ನು ತುಂಬುವುದಕ್ಕಾಗಿಯೇ.

ಪುಣೆಯಾದರೋ ಆಗ ಸ್ವಾಭಿಮಾನದ ತವರು. ಲೋಕಮಾನ್ಯ ತಿಲಕರ ಬರಹ ಭಾಷಣಗಳು ತರುಣರನ್ನು ಎಚ್ಚರಿಸುತ್ತಿದ್ದವು. ನ್ಯಾಯಮೂರ್ತಿ ರಾನಡೆಯವರು ಮರಾಠರ ಉತ್ಕರ್ಷವನ್ನು ಕುರಿತು ಬರೆದ ಗ್ರಂಥ 1900ರಲ್ಲಿ ಹೊರಬಂದಿತ್ತು. ರಾಜವಾಡೆಯವರು ಊರೂರು ಅಲೆದು ಹಳೆಯ ದಫ್ತರಗಳನ್ನು ಸಂಗ್ರಹಿಸುತ್ತಿದ್ದರು. ತನ್ನ ಹಿರಿಯರ ಚರಿತ್ರೆಯನ್ನು ಬಲ್ಲ ಜನಾಂಗ ಹೇಗೆ ತಲೆಯೆತ್ತಿ ನಡೆಯುತ್ತದೆ ಎಂಬುದನ್ನು ವೆಂಕಟರಾಯರು ಪುಣೆಯಲ್ಲಿ ಕಣ್ಣಾರೆ ಕಂಡರು. ತಿಲಕರ ಮೇಲೆ ಅವರಿಗಿದ್ದ ಭಕ್ತಿ ಕೊನೆಯವರೆಗೂ ಕುಂದಲಿಲ್ಲ. ಮುಂದೆ ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರೂ ಇವರೇ. ಮರಾಠಿಯ ನಡುವೆ ಬಾಳುವ ನಾವು ಇದನ್ನು ಚೆನ್ನಾಗಿ ನೆನಪಿಡಬೇಕು. ಅವರ ಕನ್ನಡಾಭಿಮಾನವು ಮರಾಠಿಯ ದ್ವೇಷದಿಂದ ಹುಟ್ಟಿದ್ದಲ್ಲ, ಮರಾಠಿಗರಿಂದ ಕಲಿತ ಪಾಠದಿಂದ ಹುಟ್ಟಿದ್ದು.

ಹಂಪೆಯ ದರ್ಶನ

1905ರ ಮೇ ತಿಂಗಳು. ಕಾನೂನು ಓದಿ ಮುಗಿಸಿದ ಇಪ್ಪತ್ತನಾಲ್ಕರ ತರುಣ ವೆಂಕಟರಾಯರು ಆನೆಗೊಂದಿ, ಹಂಪೆಗಳ ಯಾತ್ರೆಗೆ ಹೋದರು. ಆ ಸ್ಥಳಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ತುಂಗಭದ್ರೆಯ ಎರಡೂ ದಡಗಳಲ್ಲಿ ಹೆಬ್ಬಂಡೆಗಳ ರಾಶಿ, ವಿರೂಪಾಕ್ಷನ ಎತ್ತರದ ಗೋಪುರ, ಅದರೆದುರು ಬರಿದಾದ ಪೇಟೆಬೀದಿ, ಅಂಗಭಂಗವಾಗಿ ಕುಳಿತ ಉಗ್ರನರಸಿಂಹ, ನಾದ ಹೊಮ್ಮಿಸುವ ಕಂಬಗಳ ವಿಠ್ಠಲ ದೇವಾಲಯ. ಸಾವಿರಾರು ಯಾತ್ರಿಕರು ಬಂದು, ಸ್ನಾನ ಮಾಡಿ, ಕಾಯಿ ಒಡೆಸಿ, ಊರಿಗೆ ಮರಳುತ್ತಿದ್ದರು. ವೆಂಕಟರಾಯರು ಮಾತ್ರ ಹೋದ ಮನಸ್ಸಿನಿಂದ ಮರಳಲಿಲ್ಲ. ಆ ಹಾಳಿನ ನಡುವೆ ನಿಂತಾಗ ವಿಜಯನಗರದ ಚರಿತ್ರೆಯೆಲ್ಲ ಕಣ್ಣೆದುರು ಸುಳಿದಂತಾಗಿ, ಕರ್ನಾಟಕ ಮಾತೆಯ ದರ್ಶನವೇ ತಮಗಾಯಿತೆಂದು ಅವರು ಮುಂದೆ ತಮ್ಮ ಜೀವನ ಸ್ಮೃತಿಗಳಲ್ಲಿ ಬರೆದುಕೊಂಡಿದ್ದಾರೆ. ಬಾಳಿನ ದಿಕ್ಕು ಬದಲಾದುದು ಅಂದೇ ಎಂಬುದು ಅವರ ನಂಬಿಕೆ.

ದರ್ಶನವಾದವರು ಹಾಡು ಕಟ್ಟಬಹುದು, ಸಂನ್ಯಾಸಿಯಾಗಬಹುದು. ವೆಂಕಟರಾಯರು ಚರಿತ್ರೆಯನ್ನು ಓದಲು ಕುಳಿತರು. ತಾನು ಬಿ.ಎ. ಓದಿದವನು, ಇಂಗ್ಲೆಂಡಿನ ರಾಜರ ಪಟ್ಟಿ ಬಾಯಿಪಾಠವಾಗಿದೆ, ಆದರೆ ಈ ಊರನ್ನು ಕಟ್ಟಿದವರು ಯಾರು, ಅವರಿಗಿಂತ ಹಿಂದೆ ಈ ನಾಡನ್ನು ಆಳಿದವರು ಯಾರು ಎಂಬುದು ಗೊತ್ತಿಲ್ಲ ಎಂಬ ನಾಚಿಕೆ ಅವರನ್ನು ಕಾಡಿತು. ಅದೇ ವರ್ಷ ಅಕ್ಟೋಬರದಲ್ಲಿ ಬಂಗಾಲದ ವಿಭಜನೆ ಜಾರಿಗೆ ಬಂದು, ಆ ನಾಡು ಎರಡಾಯಿತೆಂದು ಅಲ್ಲಿಯ ಜನ ಬೀದಿಗಿಳಿದರು. ಹಲವು ಹೋಳಾಗಿದ್ದರೂ ನೋವನ್ನೇ ಅರಿಯದೆ ಮಲಗಿದ್ದ ಕನ್ನಡಿಗರ ಸ್ಥಿತಿ ವೆಂಕಟರಾಯರಿಗೆ ಇನ್ನಷ್ಟು ಸ್ಪಷ್ಟವಾಯಿತು.

ಹನ್ನೆರಡು ವರ್ಷಗಳ ತಪಸ್ಸು

ಹಂಪೆಯ ಯಾತ್ರೆಗೂ ಕರ್ನಾಟಕ ಗತವೈಭವ ಎಂಬ ಅವರ ಗ್ರಂಥ ಹೊರಬಂದ 1917ಕ್ಕೂ ನಡುವೆ ಹನ್ನೆರಡು ವರ್ಷಗಳ ಅಂತರವಿದೆ. ಅವರ ಬಾಳಿನಲ್ಲಿ ನಾನು ಹೆಚ್ಚು ಗೌರವಿಸುವುದು ಈ ಹನ್ನೆರಡು ವರ್ಷಗಳನ್ನೇ.

ಕರ್ನಾಟಕದ ಚರಿತ್ರೆಯ ಸಾಮಗ್ರಿ ಅಂದು ಇರಲಿಲ್ಲವೆಂದಲ್ಲ. ಅದು ಕನ್ನಡಿಗನ ಕೈಗೆ ಎಟುಕುವಂತಿರಲಿಲ್ಲ. ಫ್ಲೀಟ್ ಸಾಹೇಬರು ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು 1882ರಲ್ಲಿ ಬರೆದ ಗ್ರಂಥ ಇಂಗ್ಲಿಷಿನಲ್ಲಿತ್ತು. ರಾಮಕೃಷ್ಣ ಭಾಂಡಾರಕರರು 1884ರಲ್ಲಿ ಪ್ರಕಟಿಸಿದ ದಖ್ಖನದ ಪ್ರಾಚೀನ ಇತಿಹಾಸವೂ ಇಂಗ್ಲಿಷಿನದೇ. ಲೂಯಿ ರೈಸರು ಮೈಸೂರು ಸೀಮೆಯ ಶಾಸನಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸುತ್ತಿದ್ದರು. ರಾಬರ್ಟ್ ಸ್ಯೂವೆಲರು 1900ರಲ್ಲಿ, ಪೋರ್ತುಗೀಜ ಪ್ರವಾಸಿಗಳಾದ ಪಾಯಸ್ ಮತ್ತು ನ್ಯೂನಿಜರ ವೃತ್ತಾಂತಗಳನ್ನು ಅನುವಾದಿಸಿ ಸೇರಿಸಿ, ಮರೆತುಹೋದ ಸಾಮ್ರಾಜ್ಯವೆಂದು ವಿಜಯನಗರದ ಚರಿತ್ರೆಯನ್ನು ಬರೆದಿದ್ದರು. ಕೆ. ಬಿ. ಪಾಠಕರು 1898ರಲ್ಲಿ ಕವಿರಾಜಮಾರ್ಗವನ್ನು ಸಂಪಾದಿಸಿದ್ದರು. ಆರ್. ನರಸಿಂಹಾಚಾರ್ಯರ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿ ಬಂದಿತು. ಇವೆಲ್ಲ ಪಂಡಿತರ ಕಪಾಟುಗಳಲ್ಲಿದ್ದವು. ಇವನ್ನೆಲ್ಲ ಒಂದೆಡೆ ಕೂಡಿಸಿ, ಪರಸ್ಪರ ತಾಳೆ ನೋಡಿ, ಇದು ನಿನ್ನ ಚರಿತ್ರೆಯಪ್ಪಾ ಎಂದು ಕನ್ನಡಿಗನಿಗೆ ಕನ್ನಡದಲ್ಲಿ ಹೇಳುವವರು ಬೇಕಾಗಿದ್ದರು.

ವೆಂಕಟರಾಯರು ಧಾರವಾಡದಲ್ಲಿ ವಕೀಲಿ ಆರಂಭಿಸಿದ್ದರು. ಪಕ್ಷಗಾರರ ಕಾಗದಗಳಿಗಿಂತ ತಾಮ್ರಪಟಗಳ ಪ್ರತಿಗಳೇ ಅವರಿಗೆ ಪ್ರಿಯವಾದವು; ಕಾಲಕ್ರಮದಲ್ಲಿ ವಕೀಲಿಯನ್ನೇ ಬಿಟ್ಟರು. ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಯ ಸಂಪಾದಕತ್ವ ವಹಿಸಿದರು. ಹಂಪೆಯಲ್ಲಿ ಮೂಡಿದ ಪ್ರಶ್ನೆಗೆ ಮೊದಲ ಫಲವಾಗಿ 1907ರಲ್ಲಿ ವಿದ್ಯಾರಣ್ಯರ ಚರಿತ್ರೆಯನ್ನು ಬರೆದರು. ಅದೇ ಸುಮಾರಿಗೆ ಧಾರವಾಡದಲ್ಲಿ ಕನ್ನಡ ಗ್ರಂಥಕರ್ತರ ಸಮ್ಮೇಳನಗಳು ನಡೆದವು. ಬೇರೆ ಬೇರೆ ಸೀಮೆಗಳ ಲೇಖಕರು ಒಬ್ಬರ ಮುಖ ಒಬ್ಬರು ನೋಡುವಂತಾಯಿತು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಗುವುದಕ್ಕೆ ನೆಲ ಹದ ಮಾಡಿದವರಲ್ಲಿ ಇವರೂ ಒಬ್ಬರು. ಚರಿತ್ರೆಯ ಶೋಧನೆ ಒಬ್ಬನಿಂದಾಗುವ ಕೆಲಸವಲ್ಲವೆಂದರಿತು 1914ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವನ್ನು ಕಟ್ಟಿದರು.

ಗತವೈಭವದ ವೈಶಿಷ್ಟ್ಯ

ಕರ್ನಾಟಕ ಗತವೈಭವವು ಕದಂಬರು, ಗಂಗರು, ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹೊಯ್ಸಳರು, ವಿಜಯನಗರದ ಅರಸರು ಎಂದು ಬಿಡಿಬಿಡಿಯಾಗಿದ್ದ ವಂಶಗಳ ಕಥೆಯನ್ನು ಒಂದು ಜನಾಂಗದ ಕಥೆಯಾಗಿ ಹೆಣೆಯಿತು. ಮೈಸೂರಿನವನಿಗೆ ಹೊಯ್ಸಳರು ಮಾತ್ರ ತನ್ನವರು, ವಿಜಾಪುರದವನಿಗೆ ಚಾಲುಕ್ಯರು ಮಾತ್ರ ತನ್ನವರು ಎಂಬ ಭಾವನೆ ಹೋಗಿ, ಇವರೆಲ್ಲ ನಮ್ಮವರೇ ಎಂಬ ಭಾವನೆ ಬರಲು ಆ ಪುಸ್ತಕ ಕಾರಣವಾಯಿತು.

ನಮ್ಮ ಭಾಗದವರಿಗಂತೂ ಅದರಲ್ಲಿ ವಿಶೇಷ ಸಂಗತಿಗಳಿವೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹರಡಿತ್ತೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿಳಿಸುತ್ತದೆ. ರಾಷ್ಟ್ರಕೂಟರ ಮಾನ್ಯಖೇಟವೆಂದರೆ ಇಂದಿನ ಕಲಬುರ್ಗಿ ಜಿಲ್ಲೆಯ ಮಳಖೇಡ. ಅವರು ತಮ್ಮ ಮೂಲಸ್ಥಾನವೆಂದು ಹೇಳಿಕೊಂಡ ಲಟ್ಟಲೂರು ಇಂದಿನ ಲಾತೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಕಲ್ಯಾಣದ ಚಾಲುಕ್ಯರ ರಾಜಧಾನಿ ನಮ್ಮ ನೆರೆಯ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿ ವಚನ ರಚಿಸಿದ ಸಿದ್ಧರಾಮೇಶ್ವರರ ಸೊನ್ನಲಿಗೆಯೇ ನಾವು ವಾರದ ಸಂತೆಗೂ ದವಾಖಾನೆಗೂ ಹೋಗಿಬರುವ ಸೊಲ್ಲಾಪುರ. ಅರಸರ ಕಾಲದಲ್ಲಿ ನಮ್ಮ ಸೀಮೆ ನಾಡಿನ ಅಂಚಲ್ಲ, ನಾಡಿನ ನಡುಮನೆಯಾಗಿತ್ತು.

ಆದರೂ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ವೆಂಕಟರಾಯರು ಶಾಸನಗಳನ್ನು ಮೊದಲ ಬಾರಿಗೆ ಓದಿ ಪ್ರಕಟಿಸಿದ ಫ್ಲೀಟರಂಥ ಸಂಶೋಧಕರಲ್ಲ. ಸಂಶೋಧಕರು ಕಂಡುಕೊಂಡುದನ್ನು ಸಂಗ್ರಹಿಸಿ ಜನರಿಗೆ ಮುಟ್ಟಿಸಿದವರು. ಜನರನ್ನು ಎಬ್ಬಿಸುವುದು ಅವರ ಗುರಿಯಾದ್ದರಿಂದ ವೈಭವವನ್ನು ಹೇಳುವಾಗ ದನಿ ಏರುತ್ತದೆ. ಅರಸರ ಗೆಲುವು, ದೇಗುಲಗಳ ಸೌಂದರ್ಯ ಇವು ತುಂಬಿದಷ್ಟು, ನೆಲ ಉತ್ತವರ ಮತ್ತು ಕಲ್ಲು ಹೊತ್ತವರ ಬಾಳು ಪುಟಗಳಲ್ಲಿ ತುಂಬುವುದಿಲ್ಲ. ಅವರಿಗೆ ಪ್ರಾಣಪ್ರಿಯವಾಗಿದ್ದ ವಿದ್ಯಾರಣ್ಯರ ವಿಷಯವೂ ವಾದಗ್ರಸ್ತವಾಯಿತು. ವಿಜಯನಗರದ ಸ್ಥಾಪನೆಯಲ್ಲಿ ವಿದ್ಯಾರಣ್ಯರ ಪಾತ್ರವನ್ನು ಹೇಳುವ ಕಥೆ ತರುವಾಯ ಹುಟ್ಟಿಕೊಂಡದ್ದೆಂದು 1929ರಲ್ಲಿ ಫಾದರ್ ಹೆರಾಸರು ವಾದಿಸಿದರು. ಬೇರೆ ವಿದ್ವಾಂಸರು ಅದನ್ನು ವಿರೋಧಿಸಿದರು. ಹಲ್ಮಿಡಿಯ ಶಾಸನವನ್ನು ಎಂ. ಎಚ್. ಕೃಷ್ಣರು ಬೆಳಕಿಗೆ ತಂದದ್ದು 1936ರಲ್ಲಿ. ಗತವೈಭವ ಬರೆಯುವಾಗ ಕನ್ನಡದ ಆ ಪುರಾತನ ದಾಖಲೆ ಲೇಖಕರ ಕೈಗೆ ಸಿಕ್ಕಿರಲಿಲ್ಲ. ಹೀಗೆ ಹೊಸ ಕಲ್ಲು ಸಿಕ್ಕಂತೆಲ್ಲ ಚರಿತ್ರೆ ತಿದ್ದಿಕೊಳ್ಳುತ್ತ ಹೋಗುತ್ತದೆ. ಇದರಿಂದ ವೆಂಕಟರಾಯರ ಹಿರಿಮೆಗೆ ಕುಂದಿಲ್ಲ. ಹಂಪೆಯಲ್ಲಿ ಕಂಡದ್ದನ್ನೇ ಪ್ರಮಾಣವೆಂದು ಮುಂದಿಡದೆ ಅವರು ಗ್ರಂಥಗಳ, ಶಾಸನಗಳ ಆಧಾರವನ್ನು ಹುಡುಕಿದರು. ದರ್ಶನವು ಪ್ರಶ್ನೆಯನ್ನು ಕೊಟ್ಟಿತು. ಉತ್ತರವನ್ನು ಅವರು ದುಡಿದು ಪಡೆದರು.

ಬರೆದುದನ್ನು ಬಾಳಿದವರು

ಗ್ರಂಥ ಬರೆದು ಸುಮ್ಮನೆ ಕುಳಿತವರಲ್ಲ ವೆಂಕಟರಾಯರು. ಕರ್ನಾಟಕದ ಏಕೀಕರಣಕ್ಕಾಗಿ 1916ರಲ್ಲಿಯೇ ಸಭೆಯೊಂದು ಧಾರವಾಡದಲ್ಲಿ ಹುಟ್ಟಿತು. ಕಡಪಾ ರಾಘವೇಂದ್ರರಾಯರು, ಮುದವೀಡು ಕೃಷ್ಣರಾಯರು ಮೊದಲಾದವರೊಡನೆ ಇವರು ದುಡಿದರು. 1920ರ ನಾಗಪುರ ಕಾಂಗ್ರೆಸ್ಸಿನಲ್ಲಿ ಭಾಷಾನುಸಾರ ಪ್ರಾಂತಗಳ ತತ್ತ್ವ ಒಪ್ಪಿತವಾಗಿ ಕರ್ನಾಟಕಕ್ಕೆ ತನ್ನದೇ ಪ್ರಾಂತಿಕ ಸಮಿತಿ ದೊರೆಯಿತು. 1922ರಲ್ಲಿ ಜಯಕರ್ನಾಟಕ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಬೇಂದ್ರೆಯವರೂ ಕೆಲಕಾಲ ಅದರ ಸಂಪಾದಕೀಯ ಹೊಣೆ ಹೊತ್ತಿದ್ದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅಲ್ಲಿಯೇ ಏಕೀಕರಣ ಪರಿಷತ್ತೂ ಸೇರಿತು. 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಇವರಿಗೆ ಸಂದಿತು. ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ 1936ರಲ್ಲಿ ನಡೆದಾಗ ಅವರ ಸಂತೋಷಕ್ಕೆ ಪಾರವಿರಲಿಲ್ಲ.

ಕರ್ನಾಟಕತ್ವ ಎಂಬ ಶಬ್ದಕ್ಕೆ ಅರ್ಥ ತುಂಬಿದವರು ಅವರು. ಕರ್ನಾಟಕತ್ವವು ರಾಷ್ಟ್ರೀಯತ್ವಕ್ಕೆ ವಿರೋಧಿಯಲ್ಲ, ಅದರ ಒಂದು ಅಂಗ ಎಂಬುದು ಅವರ ಸಿದ್ಧಾಂತದ ತಿರುಳು. ಈ ವಿಚಾರಗಳನ್ನು ಕರ್ನಾಟಕತ್ವದ ಸೂತ್ರಗಳು, ಕರ್ನಾಟಕತ್ವದ ವಿಕಾಸ, ರಾಷ್ಟ್ರೀಯತ್ವದ ಮೀಮಾಂಸೆ ಮೊದಲಾದ ಕೃತಿಗಳಲ್ಲಿ ವಿಸ್ತರಿಸಿದ್ದಾರೆ.

1956ರ ನವೆಂಬರ 1ರಂದು ಕನ್ನಡದ ಭಾಗಗಳು ಒಂದಾಗಿ ವಿಶಾಲ ಮೈಸೂರು ರಾಜ್ಯ ಉದಯಿಸಿತು. ಆಗ ವೆಂಕಟರಾಯರಿಗೆ ಎಪ್ಪತ್ತಾರು ವರ್ಷ. ಅವರು ಹಂಪೆಗೆ ಹೋಗಿ ತಾಯಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಐವತ್ತೊಂದು ವರ್ಷಗಳ ಹಿಂದೆ ಯಾವ ಸ್ಥಳದಲ್ಲಿ ಸಂಕಲ್ಪ ಹುಟ್ಟಿತೋ ಅದೇ ಸ್ಥಳದಲ್ಲಿ ಹರಕೆ ತೀರಿಸಿದಂತಾಯಿತು. 1964ರ ಫೆಬ್ರುವರಿ 25ರಂದು ಅವರು ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದನ್ನು ಕಾಣುವ ಭಾಗ್ಯ ಆ ಹೆಸರನ್ನು ಬಾಳೆಲ್ಲ ಜಪಿಸಿದವರಿಗೆ ಇರಲಿಲ್ಲ.

ಗಡಿಯಾಚೆಯ ನಾವು

ಪೂಜೆಯ ಆ ದಿನ ನಾವು ಎಲ್ಲಿದ್ದೆವು? ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳು ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಕಾಸರಗೋಡು ಕೇರಳಕ್ಕೆ ಹೋಯಿತು. ಆರು ವರ್ಷಗಳ ಹಿಂದೆಯಷ್ಟೇ, 1950ರಲ್ಲಿ, ಇದೇ ಸೊಲ್ಲಾಪುರದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿತ್ತು. ಮಹಾಜನ ಆಯೋಗವು 1967ರಲ್ಲಿ ಕೊಟ್ಟ ವರದಿಯಲ್ಲಿ ನಮ್ಮ ಭಾಗದ ವಿಷಯದಲ್ಲಿ ಅನುಕೂಲ ಶಿಫಾರಸು ಇದ್ದರೂ ಅದು ಜಾರಿಗೆ ಬರಲಿಲ್ಲ. ನಾನಾಗ ಹತ್ತಿರದ ಕನ್ನಡ ಮಾಧ್ಯಮಿಕ ಶಾಲೆಯ ವಿದ್ಯಾರ್ಥಿ. ಇಂದು ನಾಳೆ ನಮ್ಮ ಊರು ಆಚೆ ಸೇರುತ್ತದೆಂದು ಹಿರಿಯರು ಕಟ್ಟೆಯ ಮೇಲೆ ಮಾತಾಡುತ್ತಿದ್ದುದು ನೆನಪಿದೆ. ಆ ಹಿರಿಯರಲ್ಲಿ ಇಂದು ಒಬ್ಬರೂ ಉಳಿದಿಲ್ಲ. ಆ ಮಾತುಗಳನ್ನು ಯಾರೂ ಬರೆದಿಡಲಿಲ್ಲ, ನಾನೂ ಬರೆದಿಡಲಿಲ್ಲ.

ಇದಕ್ಕಿಂತಲೂ ನನ್ನನ್ನು ಹೆಚ್ಚಾಗಿ ಚುಚ್ಚುವ ತಪ್ಪೊಂದಿದೆ. ನಮ್ಮ ಸಮೀಪದ ಹಳ್ಳಿಯೊಂದರ ಹಳ್ಳದ ದಂಡೆಯಲ್ಲಿ ಹೆಣ್ಣುಮಕ್ಕಳು ಅರಿವೆ ಒಗೆಯುವ ಒಂದು ಚಪ್ಪಡಿ ಇತ್ತು. ಒಮ್ಮೆ ಮಕ್ಕಳೊಡನೆ ವನಭೋಜನಕ್ಕೆ ಹೋದಾಗ ಅದರ ಮಗ್ಗುಲಲ್ಲಿ ಹಳೆಗನ್ನಡ ಲಿಪಿಯ ನಾಲ್ಕಾರು ಸಾಲುಗಳನ್ನು ಕಂಡೆವು. ನೀರು ಸುರಿದು, ಬೆರಳಾಡಿಸಿ, ಮಕ್ಕಳೆಲ್ಲ ಮಂಡಿಯೂರಿ ಓದಲು ಹೊರಟರು. ಒಂದೆರಡು ಅಕ್ಷರ ಕೂಡಿದಾಗ ಅವರ ಮುಖದಲ್ಲಿ ಮೂಡಿದ ಬೆಳಕನ್ನು ನಾನು ಯಾವ ಪರೀಕ್ಷೆಯ ಫಲಿತಾಂಶದ ದಿನವೂ ಕಂಡಿಲ್ಲ. ಮುಂದಿನ ರಜೆಯಲ್ಲಿ ಬಲ್ಲವರನ್ನು ಕರೆತಂದು ಅಚ್ಚು ತೆಗೆಸೋಣವೆಂದುಕೊಂಡೆ. ಪರೀಕ್ಷೆ, ತಪಾಸಣೆ, ಕಟ್ಟಡದ ಕೆಲಸ ಎಂದು ರಜೆಗಳು ಒಂದರ ಹಿಂದೆ ಒಂದು ಕಳೆದವು. ನಿವೃತ್ತನಾದ ಬಳಿಕ ಬಿಡುವು ಮಾಡಿಕೊಂಡು ಹೋದೆ. ಹಳ್ಳಕ್ಕೆ ಸೇತುವೆಯಾಗಿತ್ತು, ಚಪ್ಪಡಿ ಅದರ ಬುನಾದಿಗೆ ಹೋಯಿತೆಂದು ಊರವರು ಹೇಳಿದರು. ದೋಷ ಅವರದಲ್ಲ, ಅವರಿಗೆ ಅದು ಕಲ್ಲು. ಅದು ಏನೆಂದು ತಿಳಿದಿದ್ದವನು ನಾನು.

ಆದ್ದರಿಂದ ಈ ಶುಭ ಸಂದರ್ಭದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಎಲ್ಲರೂ ಗತವೈಭವದಂತಹ ಗ್ರಂಥ ಬರೆಯಬೇಕಾಗಿಲ್ಲ. ಒಂದು ನೂರು ಪುಟದ ವಹಿ ತೆಗೆದುಕೊಳ್ಳಿರಿ. ನಿಮ್ಮ ಊರಿನ ಗುಡಿಯ ಮುಂದಿನ ವೀರಗಲ್ಲು ಎಲ್ಲಿದೆ, ಅದರ ಮೇಲೆ ಏನಿದೆ ಎಂಬುದನ್ನು ಬರೆಯಿರಿ. ಅದಕ್ಕೆ ಸುಣ್ಣ, ಎಣ್ಣೆಬಣ್ಣ ಬಳಿಯದಂತೆ ನೋಡಿಕೊಳ್ಳಿರಿ. ಎಂಬತ್ತು ದಾಟಿದ ಅಜ್ಜಿ ಅಜ್ಜಂದಿರು ಮನೆಯಲ್ಲಿದ್ದರೆ, ಈ ಶಾಲೆ ಮೊದಲು ಯಾರ ಪಡಸಾಲೆಯಲ್ಲಿ ಕೂಡುತ್ತಿತ್ತು, ಬರಗಾಲದಲ್ಲಿ ಯಾರು ಊಟ ಹಾಕಿದರು ಎಂಬುದನ್ನು ಕೇಳಿ, ಹೇಳಿದವರ ಹೆಸರು ಮತ್ತು ದಿನಾಂಕದೊಡನೆ ಬರೆದಿಡಿರಿ. ಇಬ್ಬರು ಎರಡು ರೀತಿ ಹೇಳಿದರೆ ಎರಡನ್ನೂ ಬರೆಯಿರಿ. ಕಾಗದಪತ್ರ ಸಿಕ್ಕರೆ ತಾಳೆ ನೋಡಿರಿ. ವೆಂಕಟರಾಯರು ಮಾಡಿದ್ದು ಮೂಲತಃ ಇಷ್ಟೇ. ಅವರ ಹೊಲ ದೊಡ್ಡದಾಗಿತ್ತು, ನಮ್ಮದು ಸಣ್ಣದು.

ಬರುವ ಜೂನದಲ್ಲಿ ಶಾಲೆ ಮತ್ತೆ ಆರಂಭವಾಗುವಾಗ ಯಾವುದಾದರೂ ಮಗು ಆ ಭಾವಚಿತ್ರದ ಮುಂದೆ ನಿಂತು ಈ ಅಜ್ಜ ಯಾರೆಂದು ಕೇಳಿಯೇ ಕೇಳುತ್ತದೆ. ಆಗ ಅಲ್ಲಿರುವ ಗುರುಗಳು ಗಂಟೆ ಬಾರಿಸುವುದನ್ನು ಐದು ನಿಮಿಷ ತಡಮಾಡಿದರೂ ಚಿಂತೆಯಿಲ್ಲ, ಹಂಪೆಯ ಕಥೆಯನ್ನು ಪೂರ್ತಿಯಾಗಿ ಹೇಳಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.